ನರ್ಸಿಂಗ್ ಪದವೀಧರರ ವೃತ್ತಿ ಆಯ್ಕೆ: ಅತ್ತಾವರ
ಕೆಎಂಸಿ ಆಸ್ಪತ್ರೆಯಿರುವ ಮಂಗಳೂರಿನ ಅತ್ತಾವರದ ಸುತ್ತಮುತ್ತ ನರ್ಸಿಂಗ್ ಓದುವವರಲ್ಲಿ ಕೇರಳದವರೂ ಬಹಳ. 4 ವರ್ಷದ ಬಿ.ಎಸ್ಸಿ. ಅಥವಾ 3 ವರ್ಷದ ಜಿಎನ್‌ಎಂ ಡಿಪ್ಲೊಮಾ ಮುಗಿಸಿ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮೊದಲು ಖಾಸಗಿ ಆಸ್ಪತ್ರೆಯ ಪಾಳಿಗೆ ಸೇರುವುದು ರೂಢಿ. ಸಂಬಳಕ್ಕಿಂತ ಅನುಭವ ಪತ್ರವೇ ಅಲ್ಲಿನ ಗಳಿಕೆ ಎನ್ನಬೇಕು. ಕೊಲ್ಲಿಗೆ ಹೊರಟವರಿಗೆ ಪ್ರೊಮೆಟ್ರಿಕ್ ಪರೀಕ್ಷೆ, ಡೇಟಾಫ್ಲೋ ದಾಖಲೆ ಪರಿಶೀಲನೆ. ಬ್ರಿಟನ್ನಿಗಾದರೆ ಒಇಟಿ ಅಥವಾ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ, ಕೊನೆಗೆ ಅಲ್ಲಿಯೇ ಒಸ್ಕಿ ಪ್ರಾಯೋಗಿಕ ಪರೀಕ್ಷೆ. ಸರ್ಕಾರಿ ನೌಕರಿ ಬಯಸುವವರು ಏಮ್ಸ್‌ನ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆಯುತ್ತಾರೆ, ಇಲ್ಲವೇ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಳ್ಳಿ ಸೇರುತ್ತಾರೆ.

ಪ್ರಸೂತಿ ಶುಶ್ರೂಷೆಯ ಕಥೆ ಬೇರೆ. ಹೆರಿಗೆ ಕೊಠಡಿಯಲ್ಲಿ ಹೆರಿಗೆಯ ಪ್ರಗತಿ ತೋರಿಸುವ ಪಾರ್ಟೋಗ್ರಾಫ್ ನಕ್ಷೆ ತುಂಬಲು, ಸಹಜ ಹೆರಿಗೆ ಮಾಡಿಸಲು ಎಲ್ಲರೂ ಕಲಿಯುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ, ಖಾಸಗಿ ಆಸ್ಪತ್ರೆಗಳಲ್ಲಂತೂ, ಹೆರಿಗೆ ಮಾಡಿಸುವುದು ಹೆಚ್ಚಾಗಿ ವೈದ್ಯರ ಪಾಲು. ಸಹಜ ಹೆರಿಗೆಯನ್ನು ಶುಶ್ರೂಷಕರೇ ನಡೆಸುವಂತಾಗಲೆಂದು ಕೇಂದ್ರ ಸರ್ಕಾರ 2018ರಲ್ಲಿ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ಮಿಡ್‌ವೈಫ್ ತರಬೇತಿಗೆ ಮಾರ್ಗಸೂಚಿ ಹೊರಡಿಸಿತು.