ಮೂರು ಚಕ್ರವೋ, ನಾಲ್ಕು ಚಕ್ರವೋ: ಮೊದಲ ಎಟಿವಿ ಕೊಂಡವರ ಕಥೆ

1970ರಲ್ಲಿ ಅಮೆರಿಕದ ಹೊಂಡಾ ಬೈಕ್ ಅಂಗಡಿಗಳಿಗೆ ಒಂದು ವಿಚಿತ್ರ ಗಾಡಿ ಬಂತು. ಹೆಸರು ಯುಎಸ್90, ಬೆಲೆ 595 ಡಾಲರ್. ಮುಂದೆ ಒಂದು ಚಕ್ರ, ಹಿಂದೆ ಎರಡು. 89 ಸಿಸಿ ಎಂಜಿನ್, ಏಳು ಹಾರ್ಸ್‌ಪವರ್ ಶಕ್ತಿ. ಅದರಲ್ಲಿ ಕಣ್ಣಿಗೆ ಹೊಡೆಯುತ್ತಿದ್ದುದು ಟೈರುಗಳು: 22 ಇಂಚಿನ, ಬಲೂನಿನಂತೆ ಉಬ್ಬಿದ, ಬಹಳ ಕಡಿಮೆ ಗಾಳಿ ತುಂಬಿದ ಟೈರುಗಳು. ಗಾಡಿಗೆ ಸ್ಪ್ರಿಂಗೂ ಇರಲಿಲ್ಲ, ಶಾಕ್ ಅಬ್ಸಾರ್ಬರೂ ಇರಲಿಲ್ಲ. ಕಲ್ಲು, ಗುಂಡಿಗಳ ಏಟನ್ನೆಲ್ಲ ಆ ಟೈರುಗಳೇ ನುಂಗಿಕೊಳ್ಳಬೇಕಿತ್ತು. ಹ್ಯಾಂಡಲ್ ಬಿಚ್ಚಿದರೆ ಗಾಡಿ ದೊಡ್ಡ ಕಾರೊಂದರ ಹಿಂಬದಿಯಲ್ಲಿ ಹಿಡಿಸುತ್ತಿತ್ತು.

ಇಂದು ಲೋನಾವಳದ ಬೆಟ್ಟದಲ್ಲೋ, ಮನಾಲಿಯಲ್ಲೋ, ಚಿಕ್ಕಮಗಳೂರಿನ ರಿಸಾರ್ಟುಗಳಲ್ಲೋ ದುಡ್ಡು ಕೊಟ್ಟು ಒಂದು ಸುತ್ತು ಹೊಡೆಯುವ ಎಟಿವಿ, ಅಂದರೆ ‘ಆಲ್ ಟೆರೇನ್ ವೆಹಿಕಲ್’, ಈ ಮೂರು ಚಕ್ರದ ಗಾಡಿಯ ವಂಶದ್ದೇ. ಅದು ಮೂರರಿಂದ ನಾಲ್ಕು ಚಕ್ರಕ್ಕೆ ಬಂದ ಕಥೆಯಲ್ಲಿ ಎಂಜಿನಿಯರುಗಳು, ಕಂಪನಿಗಳು, ನ್ಯಾಯಾಲಯ ಎಲ್ಲರೂ ಇದ್ದಾರೆ. ಆದರೆ ಅದರ ನಡುವೆ ನಿಂತಿರುವವನು ಒಬ್ಬ ಸಾಮಾನ್ಯ ಗಿರಾಕಿ. ಇಂಥ ಗಾಡಿಯನ್ನು ಹಿಂದೆಂದೂ ಓಡಿಸದ, ಮೊದಲ ಸಲ ಕೊಳ್ಳಲು ಬಂದ, ಯಾವುದನ್ನು ಆರಿಸಬೇಕೆಂದು ತಿಳಿಯದ ಗಿರಾಕಿ.

ಚಳಿಗಾಲದ ಸರಕು

ಈ ಗಾಡಿ ಹುಟ್ಟಿದ್ದು ಬೇರೊಂದು ತೊಂದರೆಯಿಂದ. ಅಮೆರಿಕದಲ್ಲಿ ಬೈಕುಗಳು ಬಿಕರಿಯಾಗುವುದು ವಸಂತ ಮತ್ತು ಬೇಸಿಗೆಯಲ್ಲಿ. ಚಳಿಗಾಲ ಬಂತೆಂದರೆ ಡೀಲರುಗಳು ಕೈಕಟ್ಟಿ ಕೂರಬೇಕು. ಆ ತಿಂಗಳುಗಳಲ್ಲಿ ಮಾರಲು ಏನಾದರೂ ಬೇಕೆಂದು 1967ರಲ್ಲಿ ಹೊಂಡಾದ ಅಮೆರಿಕ ಶಾಖೆ ಜಪಾನಿನ ತನ್ನ ಎಂಜಿನಿಯರುಗಳನ್ನು ಕೇಳಿತು. ಆ ಕೆಲಸ ಒಸಾಮು ಟಕೆಯುಚಿ ಎಂಬ ಎಂಜಿನಿಯರ್ ಪಾಲಿಗೆ ಬಂತು.

ಟಕೆಯುಚಿ ಎರಡು ಚಕ್ರದಿಂದ ಆರು ಚಕ್ರದವರೆಗೆ ಎಲ್ಲವನ್ನೂ ಮಾಡಿ ನೋಡಿದರು. ಉತ್ತರ ಅಮೆರಿಕದಲ್ಲಿ ಆಗಲೇ ಆರು ಚಕ್ರದ, ನೀರಿನಲ್ಲೂ ತೇಲುವ, ತೊಟ್ಟಿಯಂಥ ಪುಟ್ಟ ವಾಹನಗಳಿದ್ದವು. ಕೆನಡಾದ ಜಿಗರ್ ಅವುಗಳಲ್ಲಿ ಮೊದಲಿನದು. ಅವುಗಳ ಬಲೂನ್ ಟೈರು ಹೊಸ ಗಾಡಿಗೂ ದಾರಿ ತೋರಿಸಿತು. ಆದರೆ ಏಳು ಹಾರ್ಸ್‌ಪವರಿನ ಎಂಜಿನ್ ಹಿಮ, ಕೆಸರುಗಳಲ್ಲಿ ಎಳೆಯಬೇಕಾದರೆ ಗಾಡಿ ಹಗುರವಾಗಿರಬೇಕು, ಸುಲಭವಾಗಿ ತಿರುಗಬೇಕು. ಪ್ರಯೋಗಗಳಲ್ಲಿ ಮೂರು ಚಕ್ರ ಗೆದ್ದಿತು. ಆಗಿನ ಎಂಜಿನ್ನಿಗೆ, ಆಗಿನ ಬೆಲೆಗೆ ಅದು ಸರಿಯಾದ ಲೆಕ್ಕವೇ ಆಗಿತ್ತು.

ಕೆಲವೇ ವರ್ಷಗಳಲ್ಲಿ ಗಾಡಿಯ ಹೆಸರು ಎಟಿಸಿ90 ಎಂದು ಬದಲಾಯಿತು. ‘ಆಲ್ ಟೆರೇನ್ ಸೈಕಲ್’ ಎಂಬುದರ ಮೊದಲಕ್ಷರಗಳು ಹೊಂಡಾದ ಸ್ವಂತ ಮುದ್ರೆಯಾದವು. 1971ರ ಜೇಮ್ಸ್ ಬಾಂಡ್ ಚಿತ್ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಈ ಗಾಡಿ ಕಾಣಿಸಿಕೊಂಡಿತು. ಮರಳು ದಿಬ್ಬ, ಸಮುದ್ರ ತೀರಗಳಲ್ಲಿ ಮೋಜಿನ ಸವಾರಿ ಎಂದು ಹೆಸರಾಯಿತು.

ಅದನ್ನು ದುಡಿಮೆಗೆ ಹಚ್ಚಿದವರು ರೈತರು. ಬೇಲಿ ನೋಡಿಕೊಂಡು ಬರಲು, ದನ ಅಟ್ಟಲು, ಒಂದು ಮೂಟೆ ಮೇವು ಒಯ್ಯಲು ಟ್ರ್ಯಾಕ್ಟರ್ ಹೊರಡಿಸಬೇಕಿರಲಿಲ್ಲ. ಬಲೂನ್ ಟೈರು ಹುಲ್ಲುಗಾವಲನ್ನು ಕೆಡಿಸುತ್ತಿರಲಿಲ್ಲ. ಆದರೆ ಕೊಯ್ಲಾದ ಹೊಲದ ಚೂಪು ಕೂಳೆಗಳು ಮೊದಲ ಟೈರುಗಳನ್ನು ಚುಚ್ಚುತ್ತಿದ್ದವು. 1975ರ ಸುಮಾರಿಗೆ ಒಳಗೆ ಗಟ್ಟಿ ಬಟ್ಟೆಯ ಪದರವಿದ್ದ ಟೈರುಗಳು ಬಂದವು. 1982ರಲ್ಲಿ ಸಾಮಾನು ಹೇರಲು ಕ್ಯಾರಿಯರ್ ಇದ್ದ ‘ಬಿಗ್ ರೆಡ್’ ಬಂತು. ಅದಕ್ಕೆ ಒಂದು ವರ್ಷ ಮೊದಲೇ ರೇಸಿನ ಹುಚ್ಚಿನವರಿಗಾಗಿ ಎರಡು ಸ್ಟ್ರೋಕಿನ ಎಟಿಸಿ250ಆರ್ ಬಂದಿತ್ತು. ಮಕ್ಕಳ ಅಳತೆಯ 70 ಸಿಸಿ ಗಾಡಿಯೂ ಇತ್ತು. ಯಮಹಾ, ಕವಾಸಾಕಿಗಳೂ ಮೂರು ಚಕ್ರದ ಗಾಡಿ ತಂದವು. ಸುಜುಕಿ 1980ರ ದಶಕದ ಆರಂಭದಲ್ಲಿ ನಾಲ್ಕು ಚಕ್ರದ ‘ಕ್ವಾಡ್‌ರನ್ನರ್’ ಹೊರತಂದಿತು. 1985ರಲ್ಲಿ ಅಮೆರಿಕದ್ದೇ ಕಂಪನಿ ಪೋಲಾರಿಸ್, ಗೇರು ಬದಲಿಸುವ ಗೋಜಿಲ್ಲದ ‘ಟ್ರಯಲ್ ಬಾಸ್’ ಇಳಿಸಿತು.

1970ರ ಗಿರಾಕಿಗೆ ಆಯ್ಕೆಯೇ ಇರಲಿಲ್ಲ. ಹದಿನೈದು ವರ್ಷಗಳ ನಂತರದ ಗಿರಾಕಿಗೆ ಆಯ್ಕೆಗಳ ಸಂತೆಯೇ ಇತ್ತು. ಯಾವುದು ತನಗೆ ತಕ್ಕದ್ದು ಎಂದು ಹೇಳುವ ಅನುಭವಿಗಳು ಮಾತ್ರ ಊರಿನಲ್ಲಿ ಹೆಚ್ಚಿರಲಿಲ್ಲ.

ಕಣ್ಣು ಹೇಳಿದ ಸುಳ್ಳು

ಮೂರು ಚಕ್ರದ ಗಾಡಿ ನೋಡಿದವರಿಗೆ ಮೊದಲು ನೆನಪಾಗುವುದು ಮಕ್ಕಳ ಟ್ರೈಸಿಕಲ್. ಎರಡು ಚಕ್ರದ ಬೈಕು ನಿಲ್ಲಿಸಿದರೆ ಬೀಳುತ್ತದೆ, ಇದು ತಾನಾಗಿ ನಿಲ್ಲುತ್ತದೆ. ಟೈರು ಮೆತ್ತಗೆ, ಗಾಡಿ ತಗ್ಗು. ಹಾಗಾಗಿ ಬೈಕಿಗಿಂತ ಇದೇ ಸುರಕ್ಷಿತ ಎಂದು ತಾಯಿತಂದೆಯರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಓಡುವಾಗ ಈ ಗಾಡಿಯ ಸ್ವಭಾವವೇ ಬೇರೆ.

ಕಾರು ತಿರುಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಉರುಳಬೇಕು, ಒಳಬದಿಯದು ಕಡಿಮೆ. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವುದು ಡಿಫರೆನ್ಷಿಯಲ್. ಎಟಿಸಿಯಲ್ಲಿ ಅದಿರಲಿಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿದ್ದವು, ಒಂದು ತಿರುಗಿದಷ್ಟೇ ಇನ್ನೊಂದೂ ತಿರುಗಬೇಕು. ಕೆಸರಿನಲ್ಲಿ ಇದು ವರ, ಏಕೆಂದರೆ ಒಂದು ಚಕ್ರ ಹಿಡಿತ ತಪ್ಪಿದರೂ ಇನ್ನೊಂದು ಎಳೆಯುತ್ತದೆ. ತಿರುವಿನಲ್ಲಿ ಮಾತ್ರ ಗಾಡಿ ನೇರವಾಗಿಯೇ ಹೋಗಲು ಹಟ ಹಿಡಿಯುತ್ತದೆ. ಅದನ್ನು ತಿರುಗಿಸಲು ಸವಾರ ಹೊರಗಿನ ಕಾಲಿನ ಮೇಲೆ ಭಾರ ಹಾಕಿ, ಮೈಯನ್ನು ಒಳಗೆ ಬಾಗಿಸಿ, ಒಳಚಕ್ರದ ಹಿಡಿತವನ್ನು ಸಡಿಲಿಸಬೇಕು. ಏರು ಹತ್ತುವಾಗ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು. ಅಂದರೆ ಗಾಡಿಯ ಸಮತೋಲನದ ಅರ್ಧಪಾಲು ಇರುವುದು ಸವಾರನ ಮೈಯಲ್ಲಿ.

ನಲವತ್ತು ಕಿಲೋ ತೂಗದ ಮಗುವಿಗೆ ಇದು ಕೈಲಾಗದ ಕೆಲಸ. ದೊಡ್ಡವರಿಗೂ ಕಲಿಯದೆ ಬರುವುದಲ್ಲ. ಬೈಕು, ಕಾರು ಓಡಿಸಿ ರೂಢಿಯಾದ ಮೈ ಇಲ್ಲಿ ತಪ್ಪನ್ನೇ ಮಾಡುತ್ತದೆ. ಗಾಡಿ ವಾಲಿದಾಗ ಬೈಕಿನವನಂತೆ ಕಾಲು ನೆಲಕ್ಕೆ ಚಾಚಿದರೆ ಅದು ಹಿಂದಿನ ಚಕ್ರದಡಿ ಸಿಕ್ಕಿಕೊಳ್ಳುತ್ತದೆ. ಮುಂದೆ ಒಂದೇ ಚಕ್ರವಾದ್ದರಿಂದ, ತಿರುವಿನಲ್ಲಿ ಬ್ರೇಕ್ ಒತ್ತಿದರೆ ಭಾರವೆಲ್ಲ ಆಧಾರವಿಲ್ಲದ ಮೂಲೆಯ ಕಡೆಗೆ ಜರುಗಿ ಗಾಡಿ ಮಗುಚುತ್ತದೆ.

ಸೀಟಿನದು ಇನ್ನೊಂದು ಕಥೆ. ಸವಾರ ಹಿಂದೆ ಮುಂದೆ ಜರುಗಲೆಂದು ಅದನ್ನು ಉದ್ದವಾಗಿ ಮಾಡಲಾಗಿತ್ತು. ನೋಡಿದವರಿಗೆ ಅದು ಇಬ್ಬರ ಸೀಟಿನಂತೆ ಕಂಡಿತು. ಹಿಂದೆ ಇನ್ನೊಬ್ಬರು ಕೂತರು, ಕೆಲವೊಮ್ಮೆ ಮುಂದೊಂದು ಮಗುವೂ ಕೂತಿತು. ಅಲ್ಲಿಗೆ ಸವಾರ ಮೈ ಜರುಗಿಸಲು ಇದ್ದ ಜಾಗವೂ ಹೋಯಿತು, ಹಿಂಬದಿಯ ಭಾರವೂ ಹೆಚ್ಚಿತು.

ಲೆಕ್ಕ ನ್ಯಾಯಾಲಯಕ್ಕೆ ಬಂದಾಗ

1980ರ ದಶಕದ ನಡುಭಾಗದ ಹೊತ್ತಿಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮುಂದೆ ಸಾವುನೋವುಗಳ ವರದಿಗಳು ರಾಶಿ ಬೀಳತೊಡಗಿದವು. ಆಯೋಗ ಹಲವು ಊರುಗಳಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಮಕ್ಕಳನ್ನು ಕಳೆದುಕೊಂಡವರು, ತುರ್ತು ಚಿಕಿತ್ಸೆಯ ವೈದ್ಯರು, ಡೀಲರುಗಳು, ಸವಾರಿಯ ಉತ್ಸಾಹಿಗಳು ಎಲ್ಲರೂ ಮಾತಾಡಿದರು. ದಶಕ ಮುಗಿಯುವುದರೊಳಗೆ ಸತ್ತವರ ಎಣಿಕೆ ಸಾವಿರ ದಾಟಿತ್ತು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 16 ವರ್ಷದೊಳಗಿನವರು. ಅಪಾಯ ಅತಿ ಹೆಚ್ಚಾಗಿದ್ದದ್ದು ಓಡಿಸಲು ತೊಡಗಿದ ಮೊದಲ ದಿನಗಳಲ್ಲಿ. ಹೊಸಬರು, ಮಕ್ಕಳು, ಹೆಲ್ಮೆಟ್ ಇಲ್ಲದವರು ಮತ್ತೆ ಮತ್ತೆ ಪಟ್ಟಿಯಲ್ಲಿ ಕಾಣಿಸಿಕೊಂಡರು.

ತಪ್ಪು ಯಾರದು ಎಂಬುದೇ ಜಗಳ. ಸೂಚನೆ ಪಾಲಿಸದೆ, ಹೆಲ್ಮೆಟ್ ಹಾಕದೆ, ಕುಡಿದು, ಮಕ್ಕಳ ಕೈಗೆ ದೊಡ್ಡ ಗಾಡಿ ಕೊಟ್ಟು ಓಡಿಸಿದರೆ ಯಂತ್ರವೇನು ಮಾಡೀತು ಎಂಬುದು ಕಂಪನಿಗಳ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಸುಲಭವೆಂದು ತೋರುವ, ಸುಲಭವೆಂದೇ ಮಾರಾಟವಾಗುವ ಯಂತ್ರ ಕಲಿಕೆಯಿಲ್ಲದೆ ಕೈಗೆ ಬಗ್ಗುವುದಿಲ್ಲವೆಂದರೆ, ಆ ಮಾತನ್ನು ಕೊಳ್ಳುವ ಮೊದಲೇ ಗಿರಾಕಿಗೆ ಹೇಳಬೇಕಾದವರು ಯಾರು? ವಿಮರ್ಶಕರು ಕೇಳಿದ್ದು ಇದನ್ನು.

1987ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಹೊಂಡಾ, ಯಮಹಾ, ಸುಜುಕಿ, ಕವಾಸಾಕಿ, ಪೋಲಾರಿಸ್ ಕಂಪನಿಗಳ ವಿರುದ್ಧ ದಾವೆ ಹೂಡಿತು. ವಿಚಾರಣೆಯ ಹಾದಿ ಬಿಟ್ಟು ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. 1988ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ರಾಜಿಗೆ ಅಂತಿಮ ಮುದ್ರೆ ಒತ್ತಿತು. ಅವಧಿ ಹತ್ತು ವರ್ಷ. ಹೊಸ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. 90 ಸಿಸಿ ಮೀರಿದ್ದು 16 ವರ್ಷದೊಳಗಿನವರಿಗಲ್ಲ, 70ರಿಂದ 90 ಸಿಸಿಯದು 12 ವರ್ಷದೊಳಗಿನವರಿಗಲ್ಲ ಎಂದು ಡೀಲರು ಗಿರಾಕಿಗೆ ಹೇಳಬೇಕಾಯಿತು. ಗಾಡಿಯ ಮೇಲೆ ಎಚ್ಚರಿಕೆಯ ಪಟ್ಟಿ ಅಂಟಿಸಬೇಕು, ಹೊಸ ಗಿರಾಕಿಗೆ ಪುಕ್ಕಟೆ ತರಬೇತಿ ಕೊಡಬೇಕು ಎಂದಾಯಿತು.

ಆದರೆ ಆಗಲೇ ಮನೆಗಳಲ್ಲಿದ್ದ ಲಕ್ಷಗಟ್ಟಲೆ ಮೂರು ಚಕ್ರದ ಗಾಡಿಗಳನ್ನು ವಾಪಸ್ ಪಡೆದು ಹಣ ಹಿಂದಿರುಗಿಸುವ ಮಾತು ಒಪ್ಪಂದದಲ್ಲಿ ಇರಲಿಲ್ಲ. ಗ್ರಾಹಕ ಸಂಘಟನೆಗಳಿಗೆ ಇದರಿಂದ ಸಿಟ್ಟು ಬಂತು. ಹೊಸದಾಗಿ ಮಾರಲು ಯೋಗ್ಯವಲ್ಲದ್ದು ಹಳೆಯ ಗಿರಾಕಿಯ ಕೊಟ್ಟಿಗೆಯಲ್ಲಿ ಯೋಗ್ಯವಾಗಿ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ನೇರ ಉತ್ತರ ಬರಲಿಲ್ಲ. ಆ ಗಾಡಿಗಳು ಕೈಯಿಂದ ಕೈಗೆ ಮಾರಾಟವಾಗುತ್ತ, ಹಣ ಕಡಿಮೆಯಿದ್ದವರ ಮೊದಲ ಎಟಿವಿಯಾಗಿ ಮುಂದೆಯೂ ಓಡಿದವು.

ಒಂದು ಅಳತೆ ದೊಡ್ಡದು

ನಾಲ್ಕು ಚಕ್ರ ಬಂದ ಮೇಲೆ ಅಪಾಯ ತಗ್ಗಿತು, ಮಾಯವಾಗಲಿಲ್ಲ. ಕಾರಣ ಚಕ್ರಗಳ ಲೆಕ್ಕ ಒಂದೇ ಆಗಿರಲಿಲ್ಲ. ಬೆಳೆಯುವ ಮಗುವಿಗೆ ಚಪ್ಪಲಿಯನ್ನು ಒಂದು ಅಳತೆ ದೊಡ್ಡದು ಕೊಡಿಸುವುದು ಎಲ್ಲ ಸಂಸಾರಗಳ ಜಾಣತನ. ಎಟಿವಿಯಲ್ಲೂ ಅದೇ ನಡೆಯಿತು. ಎರಡು ವರ್ಷಕ್ಕೆ ಚಿಕ್ಕದಾಗುವ ಗಾಡಿಗೆ ಯಾಕೆ ದುಡ್ಡು, ದೊಡ್ಡದನ್ನೇ ಕೊಂಡರೆ ಅಪ್ಪನೂ ಓಡಿಸಬಹುದು, ಮಗನೂ ಓಡಿಸಬಹುದು. ಆಯೋಗದವರು ಗಿರಾಕಿಗಳಂತೆ ಹೋಗಿ ವಿಚಾರಿಸಿದಾಗ, ಮಕ್ಕಳಿಗೆ ದೊಡ್ಡವರ ಗಾಡಿ ಮಾರಲು ಸಿದ್ಧರಿದ್ದ ಡೀಲರುಗಳೂ ಸಿಕ್ಕರು. ಚಪ್ಪಲಿ ದೊಡ್ಡದಾದರೆ ಮಗು ಎಡವುತ್ತದೆ, ಅಷ್ಟೇ. ಗಾಡಿ ದೊಡ್ಡದಾದರೆ ಅದರ ಭಾರ ಮಗುವಿನ ಎದೆಯ ಮೇಲೆ ಬೀಳುತ್ತದೆ. ಇಂದಿನ ದೊಡ್ಡ ಎಟಿವಿಗಳು ಮುನ್ನೂರು ಕಿಲೋ ಮೀರುತ್ತವೆ.

ಒಪ್ಪಂದ 1998ರಲ್ಲಿ ಮುಗಿಯಿತು. ಹಳೆಯ ಕಂಪನಿಗಳು ಸ್ವಯಂಪ್ರೇರಿತವಾಗಿ ಬಹುಪಾಲು ನಿಯಮಗಳನ್ನು ಉಳಿಸಿಕೊಂಡವು. ಅಷ್ಟರಲ್ಲಿ ಅದಕ್ಕೆ ಬದ್ಧರಲ್ಲದ ಹೊಸ ಆಮದುದಾರರು ಅಗ್ಗದ ಗಾಡಿಗಳೊಂದಿಗೆ ಬಂದರು. ಕೊನೆಗೆ 2008ರ ಗ್ರಾಹಕ ಸುರಕ್ಷತಾ ಕಾಯ್ದೆ ಎಲ್ಲರಿಗೂ ಒಂದೇ ನಿಯಮ ಮಾಡಿ, ಹೊಸ ಮೂರು ಚಕ್ರದ ಎಟಿವಿಗಳ ಆಮದು ಮತ್ತು ಮಾರಾಟವನ್ನು ನಿಷೇಧಿಸಿತು.

ಆಸ್ಟ್ರೇಲಿಯಾದಲ್ಲಿ ಚರ್ಚೆ ಇನ್ನೂ ಮುಂದೆ ಹೋಯಿತು. ಅಲ್ಲಿ ಹೊಲಗದ್ದೆಗಳ ಸಾವುಗಳಿಗೆ ಈ ಗಾಡಿಗಳೇ ಮುಖ್ಯ ಕಾರಣಗಳಲ್ಲಿ ಒಂದಾಗಿದ್ದವು. 2021ರ ಅಕ್ಟೋಬರ್‌ನಿಂದ ಅಲ್ಲಿ ಮಾರುವ ಸಾಮಾನ್ಯ ಬಳಕೆಯ ಹೊಸ ಎಟಿವಿಗೆ ಹಿಂಬದಿಯಲ್ಲಿ, ಮಗುಚಿದಾಗ ಸವಾರ ಜಜ್ಜಿಹೋಗದಂತೆ ಕಾಯುವ ಚೌಕಟ್ಟು ಕಡ್ಡಾಯ. ಇದು ಉಪಯೋಗಕ್ಕಿಂತ ಅಪಾಯವೇ ಹೆಚ್ಚು ಎಂದು ವಾದಿಸಿದ ಹಲವು ದೊಡ್ಡ ಕಂಪನಿಗಳು ಆ ಮಾರುಕಟ್ಟೆಯನ್ನೇ ಬಿಟ್ಟವು. ರೈತರಲ್ಲಿ ಬಹಳ ಮಂದಿ ಸ್ಟಿಯರಿಂಗ್, ಸೀಟ್ ಬೆಲ್ಟ್, ಮೇಲೆ ಕಬ್ಬಿಣದ ಪಂಜರ ಇರುವ, ಇಬ್ಬರು ಪಕ್ಕಪಕ್ಕ ಕೂರುವ ಗಾಡಿಗಳತ್ತ ಹೊರಳಿದರು. ಅಲ್ಲಿ ಸವಾರ ಮೈ ಬಾಗಿಸಬೇಕಿಲ್ಲ, ಬೆಲ್ಟ್ ಕಟ್ಟಿದರೆ ಸಾಕು. ಕಟ್ಟದಿದ್ದರೆ ಪಂಜರವೂ ಕಾಯುವುದಿಲ್ಲ.

ಎಲ್ಲ ನೆಲ, ಒಂದನ್ನು ಬಿಟ್ಟು

‘ಆಲ್ ಟೆರೇನ್’ ಎಂಬ ಹೆಸರಿಗೆ ಅರ್ಥ ಎಲ್ಲ ಬಗೆಯ ನೆಲ ಎಂದು. ಆದರೆ ಅದೇ ಗಾಡಿಗೆ ಅಂಟಿಸಿದ ಎಚ್ಚರಿಕೆಯ ಪಟ್ಟಿಯಲ್ಲಿ ಇರುವ ಮಾತು: ಡಾಂಬರು ರಸ್ತೆಯಲ್ಲಿ ಓಡಿಸಬೇಡಿ. ಕೆಸರಿನಲ್ಲಿ ಜಾರಲೆಂದು ಮಾಡಿದ ಮೆತ್ತನೆ ಟೈರು ಡಾಂಬರನ್ನು ಬಲವಾಗಿ ಕಚ್ಚಿಕೊಳ್ಳುತ್ತದೆ, ಒಂದೇ ಅಚ್ಚಿಗೆ ಬಿಗಿದ ಚಕ್ರ ಜಾರಲೊಲ್ಲದೆ ತಿರುವಿನಲ್ಲಿ ಗಾಡಿಯನ್ನೇ ಎತ್ತಿಹಾಕುತ್ತದೆ. ಎಲ್ಲಕ್ಕಿಂತ ಸಲೀಸೆಂದು ತೋರುವ ನೆಲವೇ ಇದಕ್ಕೆ ಒಗ್ಗದ ನೆಲ.

ಭಾರತದಲ್ಲಿ ಮೊದಲ ಎಟಿವಿ ಕೊಳ್ಳಲು ಹೊರಟವರ ಮುಂದೆಯೂ ಈ ಹೆಸರಿನ ತೊಡಕಿದೆ. ಇಲ್ಲಿ ಮಾರಾಟವಾಗುವ ಬಹುಪಾಲು ಎಟಿವಿಗಳು ರಸ್ತೆಗೆ ನೋಂದಣಿಯಾಗುವುದಿಲ್ಲ. ತೋಟ, ರಿಸಾರ್ಟ್, ಖಾಸಗಿ ಜಾಗವೇ ಅವುಗಳ ಸರಹದ್ದು. ಪೋಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಗಾಡಿಯ ಒಂದು ಮಾದರಿಯನ್ನು ರಸ್ತೆಗಿಳಿಸಲು ಹಿಡಿದ ದಾರಿ, ಅದನ್ನು ಕೃಷಿ ಟ್ರ್ಯಾಕ್ಟರ್ ಎಂದು ಅನುಮೋದನೆ ಮಾಡಿಸಿಕೊಳ್ಳುವುದು. ಹೊಲದ ಸಣ್ಣ ಕೆಲಸಕ್ಕೆ ಟ್ರ್ಯಾಕ್ಟರ್ ಹೊರಡಿಸುವುದು ಬೇಡವೆಂದು ಅಮೆರಿಕದ ರೈತರು ಕೊಂಡ ಗಾಡಿ, ಇಲ್ಲಿಯ ಕಾಗದಪತ್ರದಲ್ಲಿ ತಾನೇ ಟ್ರ್ಯಾಕ್ಟರ್ ಆಯಿತು.

ಕಾಫಿ ತೋಟದ ಇಳಿಜಾರಿಗೋ, ಮಾವಿನ ತೋಪಿಗೋ ಇಂಥದ್ದೊಂದನ್ನು ಆರಿಸುವವರು ಸಾಮಾನ್ಯವಾಗಿ ಕೇಳುವುದು ಸಿಸಿ ಎಷ್ಟು, ಬೆಲೆ ಎಷ್ಟು ಎಂದು. ಐವತ್ತು ವರ್ಷಗಳ ಈ ಕಥೆ ಬೇರೆ ಪ್ರಶ್ನೆಗಳನ್ನು ಮುಂದಿಡುತ್ತದೆ. ಮನೆಯಲ್ಲಿ ಇದನ್ನು ಯಾರು ಯಾರು ಓಡಿಸುತ್ತಾರೆ, ಅವರ ತೂಕ, ವಯಸ್ಸು ಎಷ್ಟು? ಕಲಿಸುವವರು ಯಾರು? ಉದ್ದ ಸೀಟು ಒಬ್ಬರದೋ ಇಬ್ಬರದೋ? ತೋಟದಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ಡಾಂಬರು ಎಷ್ಟು ದೂರ? ಮತ್ತು ಕೀಲಿಕೈಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಎಲ್ಲಿ ಇಡುವುದು? ಈ ಕೊನೆಯದಕ್ಕೆ ಶೋರೂಮಿನಲ್ಲಿ ಉತ್ತರ ಸಿಗುವುದಿಲ್ಲ, ಮನೆಯಲ್ಲೇ ಹುಡುಕಿಕೊಳ್ಳಬೇಕು.