ಕೇರಿ, ಹಾಡಿಗಳಿಗೆ ಮಾನಸಿಕ ಆರೋಗ್ಯ ಸೇವೆ: ಕಾನೂನಲ್ಲಿ ಏನಿದೆ, ಕೈಗೆ ಏನು ಸಿಗ್ತಿದೆ?

ನಮ್ಮ ಚಿಕ್ಕಪ್ಪ ಕೂಲಿ ಕೆಲಸದವರು. ಕೆಲವು ವರ್ಷಗಳ ಹಿಂದೆ ನಿದ್ದೆ ಬಿಟ್ಟರು, ಊಟ ಬಿಟ್ಟರು, ಆಮೇಲೆ ಮಾತೂ ಬಿಟ್ಟರು. 'ಗಾಳಿ ಸೋಕಿರ್ಬೇಕು ಕನಪ್ಪ' ಅಂದಳು ಅವ್ವ. ದೇವಸ್ಥಾನ, ತಾಯಿತ ಎಲ್ಲ ಮುಗಿದ ಮೇಲೆ ಆಸ್ಪತ್ರೆಗೆ ಹೋದೆವು. 'ಎದೆ ಭಾರ ಸ್ವಾಮಿ' ಅಂತ ಚಿಕ್ಕಪ್ಪ ಹೇಳಿದ್ದಕ್ಕೆ ಇಸಿಜಿ ಮಾಡಿ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಮೂರನೇ ಸಲ ಹೋದಾಗ ನರ್ಸೊಬ್ಬರು 'ಮಂಗಳವಾರ ಬನ್ನಿ, ಮನಸ್ಸಿನ ಡಾಕ್ಟರ್ ಬರ್ತಾರೆ' ಅಂದರು. ಆ ಒಂದು ಮಾತು ಕಿವಿಗೆ ಬೀಳೋಕೆ ನಮಗೆ ಏಳು ತಿಂಗಳು ಹಿಡಿಯಿತು.

ಈ ಏಳು ತಿಂಗಳು ನಮ್ಮ ಮನೆಯದ್ದು ಮಾತ್ರ ಅಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ 10.6% ಮಂದಿಗೆ ಮಾನಸಿಕ ಸಮಸ್ಯೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ಸಮಸ್ಯೆ ಇದ್ದವರಲ್ಲಿ ಸುಮಾರು 85% ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು.

ಕಾನೂನು ಏನು ಹೇಳುತ್ತೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಜಾರಿಗೆ ಬಂದಿದ್ದು 2018ರ ಮೇ ತಿಂಗಳಲ್ಲಿ. ಅದರ 18ನೇ ಸೆಕ್ಷನ್ ಓದಿಕೊಳ್ಳಿ:

• ಸರ್ಕಾರ ನಡೆಸುವ ಅಥವಾ ಅನುದಾನ ಕೊಡುವ ಮಾನಸಿಕ ಆರೋಗ್ಯ ಸೇವೆ ಪಡೆಯೋದು ಪ್ರತಿಯೊಬ್ಬರ ಹಕ್ಕು. ಜಾತಿ, ವರ್ಗ, ಧರ್ಮ, ಲಿಂಗದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ.
• ಬಡತನ ರೇಖೆಗಿಂತ ಕೆಳಗಿರುವವರಿಗೆ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಉಚಿತ.
• ಪಟ್ಟಿಯಲ್ಲಿರುವ ಅಗತ್ಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು.
• ಚಿಕಿತ್ಸೆಗಾಗಿ ಯಾರೂ ಬಹುದೂರ ಅಲೆಯುವಂತೆ ಆಗಬಾರದು.

ಸೇವೆ ಎಲ್ಲಿ ಸಿಗುತ್ತೆ?

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಾಧ್ಯ ಅಂತ ಅದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕರ್ನಾಟಕದಲ್ಲಿ 'ಮನೋಚೈತನ್ಯ' ಹೆಸರಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಯುತ್ತೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ. ಫೋನಲ್ಲಾದರೆ ಟೆಲಿ ಮಾನಸ್: 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸ್ತಿದ್ದರೆ ಕಾಯಬೇಡಿ, ಈಗಲೇ ಮಾಡಿ.

ಮತ್ತೆ ಯಾಕೆ ತಲುಪ್ತಿಲ್ಲ?

ಮೊದಲನೆಯದು ಕೂಲಿ. ಒಂದು ಮಂಗಳವಾರ ಅಂದ್ರೆ ಚಿಕ್ಕಪ್ಪಂದು, ಜೊತೆಗೆ ಹೋಗುವವರದ್ದು, ಎರಡು ದಿನಗೂಲಿ ಖೋತಾ. ಬಸ್ ಚಾರ್ಜ್ ಬೇರೆ. ಕಾಡಂಚಿನ ಹಾಡಿಗಳವರಿಗೆ ಬಸ್ಸಿನ ತನಕ ನಡೆಯೋದೇ ಒಂದು ಪ್ರಯಾಣ.

ಎರಡನೆಯದು ಭಾಷೆ. ನಮ್ಮಲ್ಲಿ ಯಾರೂ 'ನನಗೆ ಖಿನ್ನತೆ' ಅನ್ನಲ್ಲ. ಎದೆ ಭಾರ, ತಲೆ ಕಾವು, ಕೈಕಾಲು ಸೋತು ಬರುತ್ತೆ ಅಂತಾರೆ. ಅದನ್ನು ಕೇಳಿಸಿಕೊಳ್ಳೋ ಪುರುಸೊತ್ತು ಓಪಿಡಿಯಲ್ಲಿ ಇಲ್ಲ.

ಮೂರನೆಯದು ಜಾತಿ. ಡಿಗ್ರಿ ಓದುವಾಗ ನಾನೇ ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗಿದ್ದೆ. ರೂಂಮೇಟ್‌ಗಳು ನನ್ನ ತಟ್ಟೆ ಬೇರೆ ಇಡ್ತಾರೆ, ರಾತ್ರಿ ನಿದ್ದೆ ಬರಲ್ಲ ಅಂದೆ. 'ಅದನ್ನೆಲ್ಲ ತಲೆಗೆ ಹಚ್ಕೋಬೇಡ, ಈಗ ಜಾತಿ ಎಲ್ಲಿದೆ?' ಅಂದರು. ಮತ್ತೆ ಆ ಬಾಗಿಲು ತಟ್ಟಲಿಲ್ಲ. ಅವಮಾನಕ್ಕೆ ದೂರು ಕೊಡಬೇಕು, ಕೆಟ್ಟ ನಿದ್ದೆಗೆ ಚಿಕಿತ್ಸೆಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸಬಾರದು.

ನಾವೇನು ಮಾಡಬಹುದು?

ಚಿಕ್ಕಪ್ಪನಿಗೆ ಮಾತ್ರೆಯಿಂದ ಗುಣ ಕಾಣಿಸಿತ್ತು. ಆಮೇಲೊಂದು ತಿಂಗಳು 'ಸ್ಟಾಕ್ ಇಲ್ಲ' ಅಂದರು. ಹೊರಗೆ ಕೊಳ್ಳಲು ದುಡ್ಡಿರಲಿಲ್ಲ, ಮತ್ತೆ ಮಾತು ನಿಂತಿತು. ಅದು ನಮ್ಮ ಹಣೆಬರಹ ಅಂತ ಸುಮ್ಮನಾದೆವು. ಅದು ಕಾನೂನಿನ ಉಲ್ಲಂಘನೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಹಾಗಾಗಿ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ: ನಮ್ಮ ತಾಲ್ಲೂಕಿನಲ್ಲಿ ಕಳೆದ ವರ್ಷ ಎಷ್ಟು ಮಂಗಳವಾರ ಮನೋವೈದ್ಯರು ಬಂದರು? ಯಾವ ಮಾತ್ರೆ ಎಷ್ಟು ದಿನ ಇರಲಿಲ್ಲ? ಸೇವೆಯಲ್ಲಿ ಕೊರತೆಯಾದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಡಿ. ಸಮಾಧಾನ ಸಿಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬಹುದು. ಉಚಿತ ಕಾನೂನು ನೆರವನ್ನೂ ಇದೇ ಕಾಯ್ದೆ ಕೊಡುತ್ತೆ. ಸಂಘಟನೆಗಳು ಭೂಮಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಬೇಡಿಕೆಗಳ ಜೊತೆ ಇದನ್ನೂ ಬರೆದುಕೊಳ್ಳಲಿ: ಹಾಡಿ, ಕೇರಿಗಳ ಹತ್ತಿರದಲ್ಲೇ ಕ್ಲಿನಿಕ್, ಹೋಗಿಬರುವ ಖರ್ಚು, ನಮ್ಮ ಸಮುದಾಯದಿಂದಲೇ ತರಬೇತಾದ ಸಮಾಲೋಚಕರು.

ಚಿಕ್ಕಪ್ಪ ಈಗ ಕೆಲಸಕ್ಕೆ ಹೋಗ್ತಿದ್ದಾರೆ. ತಿಂಗಳಿಗೊಮ್ಮೆ, ಮಂಗಳವಾರ, ರಜೆ ಹಾಕ್ತಾರೆ. ಆ ದಿನದ ಕೂಲಿ ಮಾತ್ರ ಇವತ್ತಿಗೂ ಖೋತಾನೇ.