‘ಮಗಳು ಬಂತು’: ಮಲೆನಾಡಿನ ಹವ್ಯಕ ಕನ್ನಡದ ಲಿಂಗವ್ಯವಸ್ಥೆ, ಅದರ ಚರಿತ್ರೆ ಮತ್ತು ಸಂವಹನ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹವ್ಯಕ ಮನೆಗಳಲ್ಲಿ ಹುಡುಗನ ವಿಷಯವಾಗಿ ‘ಮಾಣಿ ಬಂದ’ ಎಂದೂ ಹುಡುಗಿಯ ವಿಷಯವಾಗಿ ‘ಕೂಸು ಬಂತು’ ಎಂದೂ ಹೇಳುವುದು ರೂಢಿ. ಈ ನಪುಂಸಕ ಕ್ರಿಯಾರೂಪ ಎಳೆಯರಿಗಷ್ಟೇ ಮೀಸಲಲ್ಲ. ಅಮ್ಮನೂ ‘ಬಂತು’, ಅಜ್ಜಿಯೂ ‘ಬಂತು’, ಸರ್ವನಾಮ ‘ಅದು’. ಶಿಷ್ಟ ಕನ್ನಡದ ಕಿವಿಗೆ ಇದು ಹೆಣ್ಣನ್ನು ವಸ್ತುವಾಗಿಸಿದಂತೆ ಕೇಳಿಸುತ್ತದೆ. ಇದಕ್ಕೆ ಎರಡು ಸುಲಭ ವಿವರಣೆಗಳು ಚಲಾವಣೆಯಲ್ಲಿವೆ: ಇದು ಮೂಲದ್ರಾವಿಡದ ಉಳಿಕೆ ಎಂಬುದು ಒಂದು, ಪುರುಷಪ್ರಧಾನ ಸಮಾಜವು ವ್ಯಾಕರಣದಲ್ಲಿ ಬಿಟ್ಟ ಗುರುತು ಎಂಬುದು ಇನ್ನೊಂದು. ಚರಿತ್ರೆಯ ಸಾಕ್ಷ್ಯ ಇವೆರಡನ್ನೂ ಸಮರ್ಥಿಸುವುದಿಲ್ಲವೆಂಬುದು ಪ್ರಸ್ತುತ ಲೇಖನದ ವಾದ.

ಮೊದಲನೆಯ ವಿವರಣೆಗೆ ಆಧಾರವಿಲ್ಲದಿಲ್ಲ. ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ ದ್ರಾವಿಡ ಭಾಷೆಗಳ ಗ್ರಂಥದಲ್ಲಿ ಮೂಲದ್ರಾವಿಡ ಏಕವಚನಕ್ಕೆ ಪುರುಷ ಮತ್ತು ಪುರುಷೇತರ ಎಂಬ ಎರಡೇ ವರ್ಗಗಳನ್ನು ಪುನಾರಚಿಸಿದ್ದಾರೆ. ತೆಲುಗಿನಲ್ಲಿ ಇಂದಿಗೂ ಸ್ತ್ರೀಗೆ ಏಕವಚನದಲ್ಲಿ ನಪುಂಸಕ ಕ್ರಿಯಾರೂಪವೇ ಬರುತ್ತದೆ. ಆದರೆ ‘ಅವಳ್’ ಎಂಬ ಪ್ರತ್ಯೇಕ ಸ್ತ್ರೀಲಿಂಗ ರೂಪವು ತಮಿಳು, ಮಲಯಾಳ, ಕನ್ನಡಗಳನ್ನು ಒಳಗೊಂಡ ದಕ್ಷಿಣದ ಶಾಖೆಯ ಸಮಾನ ನಾವೀನ್ಯ. ಹವ್ಯಕವು ಈ ನಾವೀನ್ಯಕ್ಕೂ ಮೊದಲೇ ಕವಲೊಡೆದಿತ್ತೆನ್ನಲು ಅದರ ಶಬ್ದಕೋಶವೇ ಬಿಡುವುದಿಲ್ಲ. ‘ಮಗ ಬಂದ’, ‘ಮಗಳು ಬಂತು’ ಎಂಬ ಜೋಡಿಯನ್ನು ಗಮನಿಸಬೇಕು. ನಾಮಪದದಲ್ಲಿ ಸ್ತ್ರೀಲಿಂಗದ ಳಕಾರ ಉಳಿದಿದೆ. ಕ್ರಿಯಾಪದದಲ್ಲಿ ಮಾತ್ರ ಅಳಿದಿದೆ. ಇದಲ್ಲದೆ ಹಳಗನ್ನಡದ ಪಕಾರವು ಹಕಾರವಾದ ಬದಲಾವಣೆಯಲ್ಲೂ ಹವ್ಯಕ ಪಾಲುಗೊಂಡಿದೆ: ‘ಪೇಳ್’ ಇಲ್ಲಿಯೂ ‘ಹೇಳು’ ಆಗಿದೆ. ಆದ್ದರಿಂದ ಇಲ್ಲಿರುವುದು ಉಳಿಕೆಯಲ್ಲ, ಕನ್ನಡದೊಳಗೇ ನಡೆದ ನಂತರದ ಪುನರ್ವ್ಯವಸ್ಥೆ.

ಈ ಪುನರ್ವ್ಯವಸ್ಥೆಗೆ ನೆಲೆ ಒದಗಿಸಿದ್ದು ಯಾವುದು? ಘಟ್ಟದ ಕೆಳಗಿನ ಕೊಂಕಣಿಯ ಸಂಪರ್ಕವನ್ನು ಸೂಚಿಸಬಹುದು. ಅಲ್ಲಿಯೂ ಎಳೆಯ ಹೆಣ್ಣುಮಕ್ಕಳಿಗೆ ನಪುಂಸಕ ರೂಪ ಸಲ್ಲುತ್ತದೆ. ಆದರೆ ಹಿರಿಯ ಸ್ತ್ರೀಗೆ ಕೊಂಕಣಿಯಲ್ಲಿ ಸ್ತ್ರೀಲಿಂಗವೇ ಬರುವುದರಿಂದ ಹವ್ಯಕದ ‘ಅಜ್ಜಿ ಬಂತು’ ಎಂಬ ಪ್ರಯೋಗ ಇದರಿಂದ ವಿವರಣೆಗೊಳ್ಳದು. ಕನ್ನಡದ ಒಳಗೇ ಇನ್ನೊಂದು ಸುಳುಹಿದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳುವ ಒಂಬತ್ತು ಲಿಂಗಗಳಲ್ಲಿ ‘ಸ್ತ್ರೀನಪುಂಸಕ’ವೂ ಒಂದು. ಇಂದಿನ ಶಾಲಾ ವ್ಯಾಕರಣಗಳು ‘ಹುಡುಗಿ ಬಂದಳು’, ‘ಹುಡುಗಿ ಬಂತು’ ಎಂಬ ಎರಡನ್ನೂ ಒಪ್ಪುವುದು ಇದೇ ವರ್ಗದ ಆಧಾರದ ಮೇಲೆ. ಕೆಲವು ಶಬ್ದಗಳಿಗೆ ಸೀಮಿತವಾಗಿದ್ದ ಈ ವಿಕಲ್ಪವು ಹವ್ಯಕದಲ್ಲಿ ಎಲ್ಲ ಸ್ತ್ರೀವಾಚಕಗಳಿಗೂ ಹಬ್ಬಿ ನಿಯಮವಾಯಿತೆಂದು ಊಹಿಸುವುದು ಹೆಚ್ಚು ಸಯುಕ್ತಿಕ.

ಎರಡನೆಯ ವಿವರಣೆಗೆ ಬರೋಣ. ಹವ್ಯಕ ಸಮಾಜದಲ್ಲಿ ಹೆಣ್ಣು ಸರಕಾಗಿದ್ದುದಕ್ಕೆ ಸಾಕ್ಷ್ಯ ಹುಡುಕಲು ವ್ಯಾಕರಣವೇ ಬೇಕಿಲ್ಲ. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಪ್ರಕಟಿಸಿದ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ದ ವಸ್ತುವೇ ಕನ್ಯಾವಿಕ್ರಯ. ಅದು ಹವ್ಯಕದ ಆಡುಮಾತನ್ನೇ ಬಳಸಿತು. ಇಲ್ಲಿ ಗಮನಾರ್ಹವಾದುದೆಂದರೆ, ಕನ್ಯಾವಿಕ್ರಯವನ್ನು ಖಂಡಿಸಲು ಒದಗಿದ ಮಾತೂ ಸ್ತ್ರೀಯನ್ನು ‘ಅದು’ ಎನ್ನುವ ಇದೇ ಮಾತು. ವ್ಯಾಕರಣದ ವರ್ಗ ಶೋಷಣೆಯನ್ನು ಹುಟ್ಟಿಸಲಿಲ್ಲ, ಅದರ ಖಂಡನೆಯನ್ನು ತಡೆಯಲೂ ಇಲ್ಲ. ಸ್ತ್ರೀಲಿಂಗ ರೂಪ ಸುಭದ್ರವಾಗಿದ್ದ ಇತರ ಕನ್ನಡಗಳಲ್ಲೂ ಬಾಲ್ಯವಿವಾಹ, ವಿಧವೆಯರ ಕೇಶಮುಂಡನ ನಡೆದೇ ಇದ್ದವು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಚಿತ್ರಿಸುವುದು ಇಂಥದೊಂದು ಬಾಳನ್ನೇ.

ಹಾಗೆಂದು ‘ಅದು’ ಎಂಬ ರೂಪ ಸಾಮಾಜಿಕವಾಗಿ ನಿರಪಾಯವೆಂದು ಹೇಳಿ ಮುಗಿಸುವಂತಿಲ್ಲ. ದ್ರಾವಿಡದಲ್ಲಿ ಲಿಂಗಭೇದ ತೋರುವುದು ಪ್ರಥಮಪುರುಷದಲ್ಲಿ ಮಾತ್ರ. ‘ನಾನು’, ‘ನೀನು’ಗಳಿಗೆ ಲಿಂಗವಿಲ್ಲ. ಎಂದರೆ ಹೆಣ್ಣಿನೊಡನೆ ಆಡುವ ಮಾತಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಹೆಣ್ಣಿನ ಕುರಿತು ಆಡುವ ಮಾತಿನಲ್ಲಿ ಏಳುತ್ತದೆ. ಹಾಗಾಗಿ ಆ ಮಾತು ಯಾರ ಕಿವಿಗೆ ಬೀಳುತ್ತದೆ ಎಂಬುದು ನಿರ್ಣಾಯಕ. ಸಾಗರಕ್ಕೆ ಸಮೀಪದ ವರದಹಳ್ಳಿಯನ್ನು ನೋಡಬಹುದು. ಶ್ರೀಧರ ಸ್ವಾಮಿಗಳ (1908–1973) ಸಮಾಧಿಯಿರುವ ಆಶ್ರಮಕ್ಕೆ ದೂರದ ಊರುಗಳ ಭಕ್ತರು ಬರುತ್ತಾರೆ. ಈ ಸೀಮೆಯ ಅಡಿಕೆ ತೋಟಗಳಲ್ಲಿ ಹವ್ಯಕರ ಮಾತಿನ ಪಕ್ಕದಲ್ಲೇ ದೀವರು ಮೊದಲಾದವರ ಕನ್ನಡವಿದೆ. ಅದರಲ್ಲಿ ‘ಅವಳು’ ಜೀವಂತವಾಗಿದೆ. ಹವ್ಯಕ ಯಜಮಾನ ತನ್ನ ತಾಯಿಯನ್ನೂ ಕೆಲಸಕ್ಕೆ ಬಂದ ಹೆಂಗಸನ್ನೂ ಒಂದೇ ‘ಅದು’ವಿನಿಂದ ಸೂಚಿಸುತ್ತಾನೆ. ತಾಯಿ ಅದನ್ನು ಆತ್ಮೀಯತೆಯೆಂದು ಕೇಳಿದರೆ, ಕೆಲಸದಾಕೆ ತನ್ನ ವ್ಯಾಕರಣದ ಮೂಲಕ ತಾತ್ಸಾರವೆಂದು ಕೇಳಲು ಸಾಧ್ಯ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಒಡೆಯ–ಗೇಣಿದಾರ ಸಂಬಂಧವನ್ನೇ ಪ್ರಶ್ನಿಸಿದ ತಾಲ್ಲೂಕಿನಲ್ಲಿ ಸರ್ವನಾಮವೂ ಲೆಕ್ಕಕ್ಕೆ ಬರುತ್ತದೆ.

ಲಕ್ಸೆಂಬರ್ಗಿಶ್ ಭಾಷೆಯಲ್ಲೂ ಹೆಸರು ಹಿಡಿದು ಕರೆಯುವಷ್ಟು ಹತ್ತಿರದ ಸ್ತ್ರೀಗೆ ನಪುಂಸಕ ಸರ್ವನಾಮವೂ, ದೂರದ ಗೌರವಕ್ಕೆ ಸ್ತ್ರೀಲಿಂಗವೂ ಸಲ್ಲುತ್ತವೆ. ಅಲ್ಲಿ ಲಿಂಗದ ಆಯ್ಕೆಯೇ ಸಲಿಗೆ–ಗೌರವಗಳ ಅಳತೆ. ಹವ್ಯಕದಲ್ಲಿ ಆ ಆಯ್ಕೆ ಇಲ್ಲದಿದ್ದರೂ, ಶಾಲೆ ಮತ್ತು ಪೇಟೆಗಳ ಕನ್ನಡ ಪಕ್ಕಕ್ಕೆ ಬಂದಾಗ ‘ಅದು’, ‘ಅವಳು’, ‘ಅವರು’ಗಳ ನಡುವೆ ಹೊಸ ಆಯ್ಕೆಯೊಂದು ತೆರೆದುಕೊಳ್ಳುತ್ತದೆ. ನಿಯಮವಾಗಿದ್ದುದು ಆಗ ನಿಲುವಾಗುತ್ತದೆ.

ಡಿ.ಎನ್. ಶಂಕರ ಭಟ್ಟರು ಹವ್ಯಕದ ವ್ಯಾಕರಣವನ್ನು 1971ರಷ್ಟು ಹಿಂದೆಯೇ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದ್ದರಿಂದ ರೂಪಗಳ ವಿವರಣೆಗೆ ಭದ್ರ ಬುನಾದಿಯಿದೆ. ಇನ್ನು ಆಗಬೇಕಾದುದು ಸಂದರ್ಭಗಳ ದಾಖಲಾತಿ: ಒಳಮನೆ, ತೋಟ, ಪೇಟೆ ಎಂಬ ಮೂರು ನೆಲೆಗಳಲ್ಲಿ ಅದೇ ಭಾಷಿಕರು ಅದೇ ಸ್ತ್ರೀಯನ್ನು ಹೇಗೆ ಸೂಚಿಸುತ್ತಾರೆ, ಆಕೆ ಅದನ್ನು ಹೇಗೆ ಗ್ರಹಿಸುತ್ತಾಳೆ ಎಂಬುದು. ಅವಮಾನವೆಂಬ ತೀರ್ಪಿಗಂಜಿ ಈ ರೂಪವನ್ನು ಕೈಬಿಟ್ಟರೆ ಕನ್ನಡದ ಲಿಂಗವ್ಯವಸ್ಥೆಯ ಚರಿತ್ರೆಗೆ ಒಂದು ಅಪೂರ್ವ ಸಾಕ್ಷ್ಯ ನಷ್ಟವಾದೀತು. ಪರಂಪರೆಯೆಂದು ಪ್ರಶ್ನಿಸದೆ ಸಮರ್ಥಿಸಿದರೆ ಅದನ್ನು ಕೇಳಿಸಿಕೊಳ್ಳುವ ಹೆಣ್ಣಿನ ಅನುಭವ ಅಧ್ಯಯನದ ಹೊರಗೇ ಉಳಿದೀತು.